ಶೇಟ್ ಪ್ರೇಮಚಂದ ರಾಯಚಂದರೂ ಮುಂಬಯಿಯ ಕಡಲಂಚಿನ ಭೂಮಿಯೂ

ಮುಂಬಯಿಗೆ ಹೋಗಿಬಂದ ನಮ್ಮ ವಾಚಕರಲ್ಲಿ ರಾಜಾಬಾಯಿ ಗೋಪುರವನ್ನು ಕಾಣದವರು ವಿರಳವೆಂದೇ ಹೇಳಬೇಕು. ವಿಶ್ವವಿದ್ಯಾಲಯದ ಆವರಣದಲ್ಲಿ 280 ಅಡಿ ಎತ್ತರಕ್ಕೆ ನಿಂತಿರುವ ಆ ಗಡಿಯಾರದ ಗೋಪುರವು ಯಾರ ದ್ರವ್ಯದಿಂದ ಎದ್ದಿತು, ಆ ದ್ರವ್ಯವು ಎಲ್ಲಿಂದ ಬಂದಿತು, ಹೇಗೆ ಕರಗಿಹೋಯಿತು ಎಂಬುದನ್ನು ಬಲ್ಲವರು ಮಾತ್ರ ಕೆಲವರೇ. ಅದರ ದಾತೃಗಳಾದ ಶೇಟ್ ಪ್ರೇಮಚಂದ ರಾಯಚಂದರ ಚರಿತ್ರೆಯು ಒಂದು ನಗರವು ತನ್ನ ಸಮುದ್ರತೀರದ ನೆಲವನ್ನು ಹೇಗೆ ಉಪಯೋಗಿಸಬೇಕು, ಹೇಗೆ ಉಪಯೋಗಿಸಲಾಗದು ಎಂಬ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟಿದೆ. ಮುಂಬಯಿಯ ಪೂರ್ವತೀರದ ಬಂದರ ಭೂಮಿಯ ಗತಿಯೇನೆಂಬ ಚರ್ಚೆಯು ನಡೆದಿರುವ ಕಾಲದಲ್ಲಿ ಅದನ್ನು ಸ್ಮರಿಸುವುದು ಅಪ್ರಸ್ತುತವಾಗಲಾರದು.

ಪ್ರೇಮಚಂದರು 1831ರಲ್ಲಿ ಸೂರತ್ತಿನ ಜೈನ ವರ್ತಕ ಮನೆತನವೊಂದರಲ್ಲಿ ಜನಿಸಿದರು. ಸೂರತ್ತಿನ ಪೂರ್ವವೈಭವವು ಅಳಿದು ವ್ಯಾಪಾರವೆಲ್ಲವೂ ದಕ್ಷಿಣದ ದ್ವೀಪನಗರಿಗೆ ಸರಿದಿದ್ದ ಕಾಲವದು. ಅವರ ತಂದೆಯವರಾದ ರಾಯಚಂದ ದೀಪಚಂದರೂ ಸಂಸಾರಸಹಿತರಾಗಿ ಮುಂಬಯಿಗೆ ಬಂದು ನೆಲೆಸಿದರು. ಹುಡುಗನು ಎಲ್ಫಿನ್‌ಸ್ಟನ್ ವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿತನು. ಅಂದಿನ ದಲಾಲರಲ್ಲಿ ಆ ಭಾಷೆಯನ್ನು ಓದಿ ಬರೆಯಬಲ್ಲವರು ಅತ್ಯಪರೂಪ. ಆದಕಾರಣ ಬ್ಯಾಂಕಿನವರೂ ಐರೋಪ್ಯ ವರ್ತಕರೂ ಈ ತರುಣನೊಡನೆ ನೇರವಾಗಿ ವ್ಯವಹರಿಸತೊಡಗಿದರು. ಮೂವತ್ತು ವರ್ಷ ತುಂಬುವಷ್ಟರಲ್ಲಿಯೇ ಹತ್ತಿಯ ದಲಾಲಿಯಲ್ಲಿಯೂ ಷೇರುಗಳ ದಲಾಲಿಯಲ್ಲಿಯೂ ಅವರ ಹೆಸರು ಮುಂಚೂಣಿಗೆ ಬಂದಿತು.

ಅಂದಿನ ಮುಂಬಯಿಯ ಸ್ಥಿತಿಯನ್ನು ಇಲ್ಲಿ ಹೇಳಬೇಕು. ಸಮುದ್ರವೇ ಆ ನಗರದ ಜೀವಾಳವಾಗಿದ್ದರೂ ಅದರ ತೀರವು ಬಹುಮಟ್ಟಿಗೆ ನಿರುಪಯುಕ್ತವಾಗಿದ್ದಿತು. ಉಬ್ಬರದಲ್ಲಿ ನೀರು, ಇಳಿತದಲ್ಲಿ ದುರ್ನಾತ ಬೀರುವ ಕೆಸರು. ಸರಕಿನ ದೊಡ್ಡ ಹಡಗುಗಳು ದಡಕ್ಕೆ ಬಾರದೆ ನಡುನೀರಿನಲ್ಲಿ ಲಂಗರು ಹಾಕುತ್ತಿದ್ದುವು. ಮೂಟೆಗಳನ್ನು ಸಣ್ಣ ದೋಣಿಗಳಲ್ಲಿ ಸಾಗಿಸಬೇಕಾಗುತ್ತಿದ್ದಿತು. 1853ರಲ್ಲಿ ರೈಲು ಬಂದಿತಾದರೂ ನಿಲ್ದಾಣಗಳಿಗೂ ಉಗ್ರಾಣಗಳಿಗೂ ಬೇಕಾದ ನೆಲವಿರಲಿಲ್ಲ. ಕೆಸರನ್ನು ಮಣ್ಣಿನಿಂದ ತುಂಬಿ ಭೂಮಿಯನ್ನು ಪಡೆಯಬೇಕೆಂಬ ಆಲೋಚನೆಯು ಆದ್ದರಿಂದ ಕೇವಲ ಲೋಭಮೂಲವಾದುದಲ್ಲ. ಅದು ನಗರದ ನಿಜವಾದ ಅವಶ್ಯಕತೆಯಿಂದಲೇ ಹುಟ್ಟಿತು.

ಅಷ್ಟರಲ್ಲಿ 1861ರಲ್ಲಿ ಅಮೇರಿಕದ ಅಂತರ್ಯುದ್ಧವು ಆರಂಭವಾಯಿತು. ದಕ್ಷಿಣ ಸಂಸ್ಥಾನಗಳ ಬಂದರಗಳಿಗೆ ದಿಗ್ಬಂಧನವಾಗಲು ಲಂಕಾಶೈರಿನ ಗಿರಣಿಗಳು ಹತ್ತಿಯಿಲ್ಲದೆ ಕಂಗೆಟ್ಟು ಹಿಂದುಸ್ಥಾನದತ್ತ ಕೈಚಾಚಿದುವು. ಈ ಕಥೆಯಲ್ಲಿ ಕರ್ನಾಟಕಕ್ಕೂ ಪಾಲುಂಟು. ನಮ್ಮ ಧಾರವಾಡ ಸೀಮೆಯ ಹತ್ತಿಯು ಘಟ್ಟವಿಳಿದು ಕುಮಟೆಯ ಬಂದರದಿಂದ ಮುಂಬಯಿಗೆ ಹೋಗುತ್ತಿದ್ದಿತು. ಕುಮಟೆಯ ಹೆಸರೇ ಲಿವರ್‌ಪೂಲಿನ ಪೇಟೆಯಲ್ಲಿ ಒಂದು ಜಾತಿಯ ಹತ್ತಿಯ ಹೆಸರಾಯಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಿದುದಕ್ಕೂ ಈ ಹತ್ತಿಗಾಗಿ ಕಾರವಾರ ಬಂದರವನ್ನು ಬೆಳೆಸಬೇಕೆಂಬುದೇ ಮುಖ್ಯ ಕಾರಣ. ಯುದ್ಧದ ವರ್ಷಗಳಲ್ಲಿ ಮುಂಬಯಿಗೆ ಬಂದ ಹೆಚ್ಚಿನ ಲಾಭವು 70ರಿಂದ 80 ಕೋಟಿ ರೂಪಾಯಿಗಳೆಂದು ಅಂದಾಜು ಮಾಡಿದ್ದಾರೆ.

ಈ ಹಣಕ್ಕೆ ದಾರಿ ಬೇಕಾಯಿತು. ತೀರವನ್ನು ತುಂಬುವ ಕಂಪನಿಗಳು ಒಂದರ ಮೇಲೊಂದು ಹುಟ್ಟಿದುವು. ಅವುಗಳಲ್ಲಿ ಪ್ರಮುಖವಾದುದು ನಗರದ ಪಶ್ಚಿಮಕ್ಕಿರುವ ಬ್ಯಾಕ್ ಬೇ ಕೊಲ್ಲಿಯನ್ನು ತುಂಬಲು 1864ರಲ್ಲಿ ಸ್ಥಾಪಿತವಾದ ಕಂಪನಿ. ರೈಲುದಾರಿಯನ್ನು ಕೊಲಾಬದವರೆಗೆ ಒಯ್ಯಲು ನೆಲವನ್ನು ಒದಗಿಸಿ, ಮಿಕ್ಕುದನ್ನು ಮನೆಗಳಿಗಾಗಿ ಮಾರುವುದು ಅದರ ಉದ್ದೇಶ. ಪ್ರೇಮಚಂದರು ಈ ಸಾಹಸಗಳ ಸೂತ್ರಧಾರರಾದರು. ಅವರ ಮಾತಿನ ಮೇಲೆ ಬ್ಯಾಂಕುಗಳು ಸಾಲ ಕೊಟ್ಟುವು, ಅವರು ಹೆಸರಿಸಿದವರಿಗೆ ಷೇರುಗಳು ದೊರೆತುವು. 5,000 ರೂಪಾಯಿಯ ಬ್ಯಾಕ್ ಬೇ ಷೇರು ಪೇಟೆಯಲ್ಲಿ ಸುಮಾರು 50,000 ರೂಪಾಯಿಗೆ ಏರಿತು. ಅಷ್ಟುಹೊತ್ತಿಗೆ ಸಮುದ್ರದಿಂದ ಮೇಲೆದ್ದ ನೆಲವಾದರೋ ಅತ್ಯಲ್ಪ. ಗುಮಾಸ್ತರೂ ಅಧಿಕಾರಿಗಳೂ ವಕೀಲರೂ ಮನೆಯ ಒಡವೆಗಳನ್ನು ಒತ್ತೆಯಿಟ್ಟು, ಇನ್ನೂ ನೀರಿನಡಿಯಲ್ಲಿದ್ದ ಭೂಮಿಯ ಮೇಲೆ ಸಟ್ಟಾ ಆಡಿದರು. ಸರಕಾರದ ಪಾಲೂ ನಿರ್ದೇಶನವೂ ಇದ್ದ ಬಾಂಬೆ ಬ್ಯಾಂಕು ಸಹ ಷೇರುಗಳನ್ನೇ ಆಧಾರವಾಗಿಟ್ಟುಕೊಂಡು ಸಾಲಗಳನ್ನು ಹಂಚಿತು.

1865ರ ಏಪ್ರಿಲಿನಲ್ಲಿ ಅಮೇರಿಕದ ದಕ್ಷಿಣ ಸೈನ್ಯವು ಶರಣಾಗತವಾಯಿತು. ಹತ್ತಿಯ ಬೆಲೆಯು ಬಿದ್ದಿತು. ಜುಲೈ 1ನೆಯ ತಾರೀಖು ವಾಯಿದೆಯ ವ್ಯವಹಾರಗಳ ಲೆಕ್ಕ ತೀರಿಸುವ ದಿನ; ಅಂದು ಕೊಡುವವರೆಲ್ಲರೂ ಕೈಚೆಲ್ಲಿದರು. ಪೇಢಿಗಳು ದಿವಾಳಿಯೆದ್ದುವು. 1866ರಲ್ಲಿ ಪ್ರೇಮಚಂದರೂ ಬಿದ್ದರು. ಬಾಂಬೆ ಬ್ಯಾಂಕು ತನ್ನ ಬಂಡವಾಳದ ಬಹುಭಾಗವನ್ನು ಕಳೆದುಕೊಂಡು ಮುಚ್ಚಲ್ಪಟ್ಟಿತು. 1868ರಲ್ಲಿ ಅದೇ ಹೆಸರಿನ ಹೊಸ ಬ್ಯಾಂಕು ತೆರೆಯಿತು. ವಿಚಾರಣೆಗೆ ನೇಮಿತವಾದ ಸರ್ ಚಾರ್ಲ್ಸ್ ಜಾಕ್ಸನ್ನರ ಆಯೋಗವು ಪ್ರೇಮಚಂದರ ವಶವರ್ತಿಯಾಗಿ ನಡೆದ ಬ್ಯಾಂಕಿನ ಆಡಳಿತವನ್ನು ಬಯಲಿಗೆಳೆಯಿತು. ಈ ದೋಷವನ್ನು ನಾವು ಮುಚ್ಚಿಡಲಾರೆವು. ಆದರೆ ದಲಾಲನೊಬ್ಬನ ಮಾತಿಗೆ ಸಾರ್ವಜನಿಕರ ಹಣವನ್ನು ಒಪ್ಪಿಸಿದ ನಿರ್ದೇಶಕರೂ, ಅದನ್ನು ನೋಡುತ್ತ ಕುಳಿತ ಸರಕಾರವೂ ನಿರ್ದೋಷಿಗಳೆಂದು ಯಾರು ಹೇಳಿಯಾರು? 1864ರಲ್ಲಿ 8,16,562 ಇದ್ದ ನಗರದ ಜನಸಂಖ್ಯೆಯು 1872ರ ಗಣತಿಯಲ್ಲಿ 6,44,405ಕ್ಕೆ ಇಳಿದಿದ್ದಿತು.

ಇನ್ನು ಆ ಕಂಪನಿಗಳ ಭೂಮಿಯ ಗತಿಯನ್ನು ನೋಡೋಣ. ಬ್ಯಾಕ್ ಬೇ ಕಂಪನಿಯು ಅಳಿದರೂ ಅದು ತುಂಬಿದ ಪಟ್ಟಿಯ ಮೇಲೆ ಕೊಲಾಬದ ರೈಲು ಓಡಿತು. ಪೂರ್ವತೀರದಲ್ಲಿ ಎಲ್ಫಿನ್‌ಸ್ಟನ್ ಕಂಪನಿಯು ತುಂಬಿದ ನೆಲವನ್ನು ಸರಕಾರವು 1870ರಲ್ಲಿ ಕೊಂಡುಕೊಂಡಿತು. 1873ರಲ್ಲಿ ಪೋರ್ಟ್ ಟ್ರಸ್ಟ್ ಸ್ಥಾಪಿತವಾಗಿ ಆ ಭೂಮಿಯು ಅದರ ವಶವಾಯಿತು. ಅಲ್ಲಿಯೇ 1880ರಲ್ಲಿ ಪ್ರಿನ್ಸೆಸ್ ಧಕ್ಕೆ, 1888ರಲ್ಲಿ ವಿಕ್ಟೋರಿಯಾ ಧಕ್ಕೆ ತೆರೆದುವು. ಹಡಗುಗಳು ದಡಕ್ಕೇ ಬಂದು ನಿಂತುವು. 1914ರಲ್ಲಿ ಮುಗಿದ ಅಲೆಕ್ಸಾಂಡ್ರಾ ಧಕ್ಕೆಗಾಗಿ ಅಗೆದ ಮಣ್ಣಿನಿಂದಲೇ ಬಲ್ಲಾರ್ಡ್ ಎಸ್ಟೇಟಿನ ವ್ಯಾಪಾರಕೇಂದ್ರವು ಎದ್ದಿತು. ಷೇರುಗಳ ಜೂಜಿನಲ್ಲಿ ಸಾವಿರಾರು ಮನೆಗಳನ್ನು ಮುಳುಗಿಸಿದ ತೀರವೇ ಸಾರ್ವಜನಿಕ ಸಂಸ್ಥೆಯ ಕೈಯಲ್ಲಿ ಹಡಗಿಗೂ ರೈಲಿಗೂ ಉಗ್ರಾಣಕ್ಕೂ ಒದಗಿ ನಗರವನ್ನು ಸಾಕಿತು. ಹಾಗೆಂದು ಸರಕಾರದ ಕೈಗೆ ಬಂದುದೆಲ್ಲವೂ ಸಫಲವಾಗುವುದೆಂಬ ನಿಯಮವಿಲ್ಲ. 1920ರ ದಶಕದಲ್ಲಿ ಸರಕಾರವೇ ಬ್ಯಾಕ್ ಬೇಯನ್ನು ತುಂಬಹೊರಟು ಕೋಟಿಗಟ್ಟಲೆ ಹಣವನ್ನು ಸಮುದ್ರಕ್ಕೆ ಸುರಿಯಿತು, ಶ್ರೀ ಕೆ. ಎಫ್. ನರೀಮನ್ನರು ಧೈರ್ಯದಿಂದ ಆ ಲೆಕ್ಕವನ್ನು ಕೇಳಬೇಕಾಯಿತು.

ಪ್ರೇಮಚಂದರ ಉತ್ತರಕಾಲವು ಶಾಂತವಾದುದು. ಅವರು ಮತ್ತೆ ಹತ್ತಿಯ ದಲಾಲಿಗೆ ತೊಡಗಿ ಮರ್ಯಾದೆಯಿಂದ ಬಾಳಿದರು. 1875ರಲ್ಲಿ ದೇಶೀಯ ಷೇರು ದಲಾಲರ ಸಂಘವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಸಿರಿಯ ದಿನಗಳಲ್ಲಿ, 1864ರಲ್ಲಿ, ಅವರು ಮುಂಬಯಿ ವಿಶ್ವವಿದ್ಯಾಲಯಕ್ಕೆ ಪುಸ್ತಕಾಲಯಕ್ಕಾಗಿ 2 ಲಕ್ಷವನ್ನೂ, ತಾಯಿ ರಾಜಾಬಾಯಿಯವರ ಹೆಸರಿನ ಗೋಪುರಕ್ಕಾಗಿ ಮತ್ತೆ 2 ಲಕ್ಷವನ್ನೂ ಕೊಟ್ಟಿದ್ದರು. ಗೋಪುರವು 1878ರಲ್ಲಿ ಪೂರ್ಣವಾಯಿತು. ಕಲಕತ್ತೆಯ ವಿಶ್ವವಿದ್ಯಾಲಯಕ್ಕೆ ಅವರು ಕೊಟ್ಟ ದ್ರವ್ಯದಿಂದ ನಡೆದುಬಂದ ವಿದ್ಯಾರ್ಥಿವೇತನವನ್ನು ಪಡೆದವರಲ್ಲಿ ಸರ್ ಆಶುತೋಷ ಮುಖರ್ಜಿಯವರೂ ಒಬ್ಬರು. 1906ರಲ್ಲಿ ಪ್ರೇಮಚಂದರು ಕಾಲವಾದರು. ಕಾಗದದ ಮೇಲೆ ಗಳಿಸಿದ ಕೋಟಿಗಳಲ್ಲಿ ಉಳಿದುದು ವಿದ್ಯೆಗಾಗಿ ಕೊಟ್ಟುದಷ್ಟೆ.

ಇದರ ಪ್ರಸ್ತುತ ಪ್ರಯೋಜನವನ್ನು ಹೇಳಿ ಮುಗಿಸುವೆವು. 1989ರಲ್ಲಿ ಕೊಲ್ಲಿಯ ಆಚೆ ನ್ಹಾವಾ ಶೇವಾ ಬಂದರವು ಆರಂಭವಾದ ಮೇಲೆ ಮುಂಬಯಿಯ ಹಳೆಯ ಬಂದರದ ಕೆಲಸವು ಬಹಳಷ್ಟು ಅಲ್ಲಿಗೆ ಸರಿಯಿತು. ಪೂರ್ವತೀರದ ಸುಮಾರು 1,800 ಎಕರೆ ಭೂಮಿಯಲ್ಲಿ ಅನೇಕ ಉಗ್ರಾಣಗಳು ಜೀರ್ಣವಾಗಿವೆ. ಅದನ್ನು ಮತ್ತೆ ನಗರದ ಉಪಯೋಗಕ್ಕೆ ತರಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿರಲಾರದು. ಆದರೆ ಅಲ್ಲಿ ಯಾವ ಉದ್ಯೋಗ ನಡೆಯುವುದು, ಅಲ್ಲಿಯೇ ಬಾಳಿದ ಕೂಲಿಕಾರರೂ ಬೆಸ್ತರೂ ಎಲ್ಲಿ ಇರಬೇಕು, ಲೆಕ್ಕವನ್ನು ಯಾರಿಗೆ ಒಪ್ಪಿಸಬೇಕು ಎಂಬ ಪ್ರಶ್ನೆಗಳಿಗೆ ಮೊದಲು ಉತ್ತರ ದೊರೆಯಲಿ. ನೆಲದ ಬೆಲೆ ಕಟ್ಟುವ ಕೆಲಸವು ಆಮೇಲಾಗಲಿ. ಈ ಕ್ರಮವು ತಿರುವುಮುರುವಾದರೆ ಆಗುವುದೇನೆಂಬುದನ್ನು ಮುಂಬಯಿಯು 1865ರಲ್ಲಿ ಕಂಡಿದೆ. ನಮ್ಮ ಕರಾವಳಿಯ ಪಟ್ಟಣಗಳೂ ಅದನ್ನು ಮನಸ್ಸಿನಲ್ಲಿಡುವುದು ಲೇಸು.