ಅಜ್ಜಿಯ ಈರುಳ್ಳಿ ಮತ್ತು ಪಾರೆಯ ಪಾಠ

ಕಳೆದ ಮಾಗಿ ಚಳಿಯಲ್ಲಿ ತಿ.ನರಸೀಪುರದ ಹತ್ತಿರದ ಹಳ್ಳಿಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕ ಹಂಡೆಯಿಂದ ಬಿಸಿನೀರು ತೋಡಿ ಬಕೆಟ್‌ಗೆ ಹಾಕಿ, ತಣ್ಣೀರು ತರಲು ಅತ್ತ ತಿರುಗಿದ್ದಳು ಅಷ್ಟೆ. ಮೂರು ವರ್ಷದ ಮಗಳು ಬಕೆಟ್ ಹಿಡಿದು ಎಳೆದುಬಿಟ್ಟಳು. ಎಡಗೈಗೆ ಮೊಣಕೈವರೆಗೂ ಕುದಿನೀರು ಬಿತ್ತು.

ಮಗುವಿನ ಕಿರುಚಾಟಕ್ಕೆ ಅಕ್ಕಪಕ್ಕದವರೆಲ್ಲ ಓಡಿಬಂದರು. ಒಬ್ಬರ ಕೈಯಲ್ಲಿ ಟೂತ್‌ಪೇಸ್ಟ್, ಇನ್ನೊಬ್ಬರ ಕೈಯಲ್ಲಿ ದೋಸೆ ಹಿಟ್ಟು. ನಮ್ಮಜ್ಜಿ ಅಡುಗೆಮನೆಗೆ ಹೋಗಿ ಈರುಳ್ಳಿ ಜಜ್ಜಿಕೊಂಡೇ ಬಂದಳು. ಕಾಲೇಜಿನ ಪ್ರಥಮ ಚಿಕಿತ್ಸೆ ತರಬೇತಿಯಲ್ಲಿ ಕಲಿತದ್ದು ನನಗೆ ನೆನಪಿತ್ತು. ಯಾರನ್ನೂ ಹತ್ತಿರ ಬಿಡದೆ, ಮಗುವಿನ ಬಳೆ ತೆಗೆದು, ಕೈಯನ್ನು ನಲ್ಲಿಯ ಕೆಳಗೆ ಹಿಡಿದು ನಿಂತೆ. 20 ನಿಮಿಷ. ಆ 20 ನಿಮಿಷ ಮುಗಿಯುವುದೇ ಇಲ್ಲವೇನೋ ಅನ್ನಿಸಿತು. ಆಮೇಲೆ ಒಗೆದ ಹತ್ತಿ ಬಟ್ಟೆಯನ್ನು ಸಡಿಲವಾಗಿ ಸುತ್ತಿ ಆಟೊದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು.

ಗಡಿಬಿಡಿಯಲ್ಲಿ ಅಜ್ಜಿಯ ಮೇಲೆ ರೇಗಿದ್ದೆ. ಏನೂ ಗೊತ್ತಿಲ್ಲದವರು ಸುಮ್ಮನಿರಬೇಕು ಎಂದೂ ಅಂದುಬಿಟ್ಟೆ. ಅಜ್ಜಿ ಮರುಮಾತಾಡಲಿಲ್ಲ. ಎರಡು ದಿನ ನನ್ನೊಂದಿಗೆ ಸರಿಯಾಗಿ ಮಾತೂ ಆಡಲಿಲ್ಲ.

ಇದಾಗಿ ಎರಡು ತಿಂಗಳ ಮೇಲೆ ನಂಜನಗೂಡಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾ ಕೂತಿದ್ದಾಗ, ವಿಜ್ಞಾನದ ಇತಿಹಾಸದ ಪುಸ್ತಕವೊಂದರಲ್ಲಿ ಆಂಬ್ರುವಾಜ್ ಪಾರೆಯ ಕಥೆ ಸಿಕ್ಕಿತು. ಸುಮಾರು 480 ವರ್ಷಗಳ ಹಿಂದೆ, ಎಲ್ಲೋ ಇಟಲಿಯಲ್ಲಿ, ಇನ್ನೊಬ್ಬ ಅಜ್ಜಿ ಇದೇ ಈರುಳ್ಳಿಯ ಮಾತು ಹೇಳಿದ್ದಳು. ಆದರೆ ಪಾರೆ ನನ್ನ ಹಾಗೆ ರೇಗಲಿಲ್ಲ.

ಪಾರೆ ಹುಟ್ಟಿದ್ದು 1510ರ ಸುಮಾರಿಗೆ, ಫ್ರಾನ್ಸಿನ ಲಾವಾಲ್ ಎಂಬ ಊರಿನ ಹತ್ತಿರ. ದೊಡ್ಡ ಮನೆತನವಲ್ಲ, ದೊಡ್ಡ ಓದೂ ಇರಲಿಲ್ಲ. ಆ ಕಾಲದಲ್ಲಿ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಕಲಿತ ವೈದ್ಯರು ರಕ್ತ, ಕೀವು ಮುಟ್ಟುತ್ತಿರಲಿಲ್ಲ. ಗಾಯ ಕಟ್ಟುವುದು, ಕುರು ಕೊಯ್ಯುವುದು, ಮೂಳೆ ಕೂರಿಸುವುದು ಕ್ಷೌರಿಕರ ಕೆಲಸ. ಪಾರೆ ಆ ಕಸುಬಿಗೆ ಸೇರಿದ. ಪ್ಯಾರಿಸ್ಸಿನ ಬಡವರ ದೊಡ್ಡಾಸ್ಪತ್ರೆ ಒತೆಲ್ ದ್ಯೂನಲ್ಲಿ ಕೆಲವು ವರ್ಷ ರೋಗಿಗಳ ನಡುವೆಯೇ ಇದ್ದು ಕೆಲಸ ಕಲಿತ. ಅಲ್ಲಿಂದ ಸೈನ್ಯದ ಜೊತೆ ಹೊರಟ.

1537ರ ಸುಮಾರಿಗೆ ಫ್ರೆಂಚ್ ಸೈನ್ಯ ಇಟಲಿಯ ಟ್ಯೂರಿನ್ ಕಡೆ ಹೋರಾಡುತ್ತಿತ್ತು. ಗುಂಡೇಟಿನ ಗಾಯಗಳನ್ನು ಪಾರೆ ನೋಡಿದ್ದು ಅಲ್ಲೇ ಮೊದಲು. ಮದ್ದಿನ ಪುಡಿಯಲ್ಲಿ ವಿಷವಿದೆ, ಗಾಯಕ್ಕೆ ಕುದಿಯುವ ಎಣ್ಣೆ ಹುಯ್ದರೆ ಮಾತ್ರ ಆ ವಿಷ ಹೋಗುತ್ತದೆ ಎಂದು ದೊಡ್ಡವರ ಪುಸ್ತಕಗಳು ಹೇಳಿದ್ದವು. ಪಾರೆಯೂ ಹಾಗೆಯೇ ಮಾಡಿದ. ಒಂದು ದಿನ ಎಣ್ಣೆ ಮುಗಿದುಹೋಯಿತು. ಗಾಯಾಳುಗಳು ಇನ್ನೂ ಬರುತ್ತಲೇ ಇದ್ದರು. ಬೇರೆ ದಾರಿಯಿಲ್ಲದೆ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಕಲೆಸಿ ಹಚ್ಚಿದ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಕುದಿಯೆಣ್ಣೆ ಬೀಳದವರು ವಿಷವೇರಿ ಸತ್ತಿರುತ್ತಾರೆಂದು ಹೆದರಿ ನಸುಕಿನಲ್ಲೇ ಎದ್ದು ಹೋಗಿ ನೋಡಿದ. ತಣ್ಣನೆಯ ಲೇಪ ಹಚ್ಚಿಸಿಕೊಂಡವರು ಹೆಚ್ಚು ನೋವಿಲ್ಲದೆ ಮಲಗಿದ್ದರು. ಎಣ್ಣೆ ಹುಯ್ಯಿಸಿಕೊಂಡವರು ಜ್ವರ, ಊತ, ನೋವಿನಿಂದ ನರಳುತ್ತಿದ್ದರು. ಇನ್ನು ಮುಂದೆ ಯಾರನ್ನೂ ಹೀಗೆ ಸುಡುವುದಿಲ್ಲವೆಂದು ಅವನು ಅಂದೇ ನಿರ್ಧರಿಸಿದ.

ಈರುಳ್ಳಿಯ ಪ್ರಸಂಗವೂ ಅದೇ ದಂಡಯಾತ್ರೆಯದು. ಸೇನಾಪತಿಯ ಅಡುಗೆಮನೆಯ ಹುಡುಗನೊಬ್ಬ ಕಾದ ಎಣ್ಣೆಯ ಕಡಾಯಿಗೆ ಬಿದ್ದ. ಪಾರೆ ಔಷಧ ತರಲು ಅಂಗಡಿಗೆ ಹೋದ. ಅಲ್ಲಿದ್ದ ಹಳ್ಳಿಯ ಮುದುಕಿಯೊಬ್ಬಳು, ಹಸಿ ಈರುಳ್ಳಿಗೆ ಚೂರು ಉಪ್ಪು ಹಾಕಿ ಅರೆದು ಹಚ್ಚಿದರೆ ಬೊಬ್ಬೆ ಏಳುವುದಿಲ್ಲ ಎಂದಳು. ಸೈನ್ಯದ ಶಸ್ತ್ರವೈದ್ಯ ಬಡ ಮುದುಕಿಯ ಮಾತು ಕೇಳಿ ನಗಬಹುದಿತ್ತು. ಅವನು ಹೋಗಿ ಹಚ್ಚಿ ನೋಡಿದ. ಮಾರನೇ ದಿನ ಈರುಳ್ಳಿ ಹಚ್ಚಿದ ಕಡೆ ಬೊಬ್ಬೆ ಇರಲಿಲ್ಲ, ಹಚ್ಚದ ಕಡೆ ಇತ್ತು.

ಅಷ್ಟಕ್ಕೇ ಅವನು ನಂಬಲಿಲ್ಲ. ಸ್ವಲ್ಪ ದಿನದಲ್ಲಿ ಜರ್ಮನ್ ಕಾವಲುಗಾರನೊಬ್ಬನ ಮದ್ದಿನ ಪುಡಿಗೆ ಬೆಂಕಿ ಹತ್ತಿ ಮುಖ, ಕೈ ಸುಟ್ಟವು. ಪಾರೆ ಅವನ ಮುಖದ ಅರ್ಧಕ್ಕೆ ಈರುಳ್ಳಿ, ಇನ್ನರ್ಧಕ್ಕೆ ರೂಢಿಯ ಔಷಧ ಹಚ್ಚಿ ಎರಡನ್ನೂ ಹೋಲಿಸಿದ. ಒಬ್ಬನೇ ರೋಗಿ, ಒಂದೇ ಸುಟ್ಟ ಗಾಯ, ಎರಡು ಚಿಕಿತ್ಸೆ. ಇಂದು ಯಾವುದೇ ಹೊಸ ಔಷಧವನ್ನು ಹೋಲಿಸಿ ನೋಡುವ ಪದ್ಧತಿಯ ಮೂಲಗುಣ ಇದರಲ್ಲಿದೆ.

1545ರಲ್ಲಿ ಗುಂಡೇಟು ಮತ್ತು ಸುಟ್ಟಗಾಯಗಳ ಚಿಕಿತ್ಸೆ ಕುರಿತು ಪುಸ್ತಕ ಬರೆದ. ಲ್ಯಾಟಿನ್ನಿನಲ್ಲಿ ಅಲ್ಲ, ತನ್ನಂಥ ಸಾಮಾನ್ಯ ಕಸುಬುದಾರರಿಗೆ ಅರ್ಥವಾಗುವ ಫ್ರೆಂಚ್ ಭಾಷೆಯಲ್ಲಿ. ಕೈಕಾಲು ಕತ್ತರಿಸಿದಾಗ ಕಾದ ಕಬ್ಬಿಣದಿಂದ ಸುಡುವ ಬದಲು ರಕ್ತನಾಳವನ್ನು ದಾರದಿಂದ ಕಟ್ಟಿ ರಕ್ತ ನಿಲ್ಲಿಸಿದ. ಕೈಕಾಲು ಕಳೆದುಕೊಂಡವರಿಗೆ ಕೃತಕ ಅಂಗಗಳನ್ನು ರೂಪಿಸಿದ. ಒಬ್ಬರ ನಂತರ ಒಬ್ಬರಂತೆ ನಾಲ್ವರು ರಾಜರಿಗೆ ಶಸ್ತ್ರವೈದ್ಯನಾದ. ಆದರೂ 1575ರಲ್ಲಿ ಅವನ ಸಮಗ್ರ ಕೃತಿ ಹೊರಬಂದಾಗ ಪ್ಯಾರಿಸ್ಸಿನ ವೈದ್ಯ ಪಂಡಿತರು ಅದನ್ನು ತಡೆಯಲು ನೋಡಿದರು. ಪುಸ್ತಕ ಉಳಿಯಿತು. ಪಾರೆ 1590ರ ಡಿಸೆಂಬರಿನಲ್ಲಿ, ಸುಮಾರು 80ನೇ ವಯಸ್ಸಿನಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ.

ಹಾಗಾದರೆ ಅವತ್ತು ಅಜ್ಜಿಯ ಈರುಳ್ಳಿ ಹಚ್ಚಬೇಕಿತ್ತೇ? ಇಲ್ಲ. ಸೂಕ್ಷ್ಮಾಣುಗಳಿಂದ ಗಾಯ ಕೀವಾಗುತ್ತದೆ ಎಂಬುದು ಪಾರೆಯ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದು ತಿಳಿಯಲು ಇನ್ನೂ 300 ವರ್ಷ ಬೇಕಾಯಿತು. ಅವನು ಶುರುಮಾಡಿದಂಥ ಹೋಲಿಕೆಯೇ ಮುಂದುವರಿದು, ಇಂದು ವೈದ್ಯರು ಹರಿಯುವ ತಣ್ಣೀರಿಗೆ ಬಂದು ನಿಂತಿದ್ದಾರೆ. ಸುಟ್ಟ ಜಾಗಕ್ಕೆ 20 ನಿಮಿಷ ನಲ್ಲಿ ನೀರು ಬಿಡಬೇಕು. ತಕ್ಷಣ ಆಗದಿದ್ದರೆ ಮೂರು ಗಂಟೆಯೊಳಗೆ ಮಾಡಿದರೂ ಉಪಯೋಗವಿದೆ. ಐಸ್ ಬೇಡ, ಅದು ಚರ್ಮಕ್ಕೆ ಇನ್ನಷ್ಟು ಪೆಟ್ಟು ಕೊಡುತ್ತದೆ. ನೆನೆದ ಬಟ್ಟೆ, ಬಳೆ, ಉಂಗುರಗಳನ್ನು ಊತ ಬರುವ ಮೊದಲೇ ತೆಗೆಯಬೇಕು. ಚರ್ಮಕ್ಕೆ ಅಂಟಿಕೊಂಡಿದ್ದರೆ ಎಳೆಯಬಾರದು. ಮಕ್ಕಳಾದರೆ ಉಳಿದ ಮೈಯನ್ನು ಬೆಚ್ಚಗೆ ಹೊದಿಸಬೇಕು. ಬೊಬ್ಬೆ ಒಡೆಯಬಾರದು. ಪೇಸ್ಟ್, ಇಂಕು, ಅರಿಶಿನ, ತುಪ್ಪ, ಹಿಟ್ಟು ಯಾವುದೂ ಬೇಡ. ಗಾಯ ರೋಗಿಯ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ, ಪಾದ, ಕೀಲು ಅಥವಾ ಗುಪ್ತಾಂಗದ ಮೇಲಿದ್ದರೆ, ಸುಟ್ಟವರು ಮಗು ಅಥವಾ ವಯಸ್ಸಾದವರಾದರೆ ಆಸ್ಪತ್ರೆಗೆ ಹೋಗಲೇಬೇಕು. 108ಕ್ಕೆ ಕರೆ ಮಾಡಬಹುದು.

ಮಗುವಿನ ಗಾಯ ಆಳವಾಗಿರಲಿಲ್ಲ. ಎರಡು ವಾರ ಡ್ರೆಸಿಂಗ್ ಆಯಿತು. ಮೂರು ವಾರವಾದರೂ ಮಾಯದ ಗಾಯ ದಪ್ಪ ಕಲೆ ಬಿಡುವ ಸಂಭವ ಹೆಚ್ಚು, ಕೆಲವೊಮ್ಮೆ ಬೇರೆ ಕಡೆಯ ಚರ್ಮ ಹಾಕಬೇಕಾಗುತ್ತದೆ. ನೋವೆಂದು ಮಗು ಕೈ ಮಡಚಿಕೊಂಡೇ ಇದ್ದರೆ ಕೀಲು ಹಾಗೇ ಬಿಗಿದುಕೊಳ್ಳಬಹುದು ಎಂದು ವೈದ್ಯರು ಎಚ್ಚರಿಸಿದ್ದರು. ಹಾಗಾಗಿ ಚೆಂಡು ಕೊಟ್ಟು ಆಡಿಸುತ್ತಲೇ ಕೈ ಚಾಚಿಸುತ್ತಿದ್ದೆವು. ಮೊಟ್ಟೆ, ಬೇಳೆ ತಿಂದರೆ ಗಾಯ ಕೀವಾಗುತ್ತದೆಂಬ ಪಥ್ಯ ನಮ್ಮ ಮನೆಯಲ್ಲಿತ್ತು. ಹೊಸ ಚರ್ಮ ಬೆಳೆಯಲು ಅವೇ ಬೇಕು ಎಂದು ಡಾಕ್ಟರು ಹೇಳಿದ ಮೇಲೆ ದಿನಾ ಮೊಟ್ಟೆ ಬೇಯಿಸಿ ತಿನ್ನಿಸಿದ್ದು ಅಜ್ಜಿಯೇ. ಗಾಯ ಮಾಗಿದ ಮೇಲೆ ತುರಿಕೆ ಶುರುವಾದಾಗ ರಾತ್ರಿಯೆಲ್ಲ ಮಗುವಿನ ಪಕ್ಕ ಕೂತು, ಉಗುರು ತಾಗಿಸದಂತೆ ನೋಡಿಕೊಂಡವಳೂ ಅವಳೇ.

ಮುಂದಿನ ಸಲ ನರಸೀಪುರಕ್ಕೆ ಹೋದಾಗ ಪಾರೆಯ ಕಥೆಯನ್ನು ಅಜ್ಜಿಗೆ ಹೇಳಿದೆ. ಅಂದು ಆಡಿದ ಮಾತಿಗೆ ಕ್ಷಮೆಯನ್ನೂ ಕೇಳಿದೆ. ತನ್ನ ಈರುಳ್ಳಿ ಫ್ರಾನ್ಸಿನ ರಾಜವೈದ್ಯನ ಪುಸ್ತಕದಲ್ಲಿದೆ ಎಂದು ಕೇಳಿ ಅಜ್ಜಿ ನಕ್ಕಳು. ನೀರು ಬಿಟ್ಟ ಕೈ ಹೇಗಿದೆ ಎಂದು ಮಗುವನ್ನು ಕರೆದು, ತೋಳು ತಿರುಗಿಸಿ ತಿರುಗಿಸಿ ನೋಡಿದಳು. ಈಗ ಬೀದಿಯಲ್ಲಿ ಯಾರಿಗಾದರೂ ಬಿಸಿನೀರು, ಸಾರು ಬಿದ್ದರೆ ಮೊದಲು ನಲ್ಲಿಯ ಹತ್ತಿರ ಕರೆದೊಯ್ಯುವವಳು ನಮ್ಮಜ್ಜಿ. ನಾನು ರೇಗಿದಾಗ ಕಲಿಯದಿದ್ದದ್ದನ್ನು ಅವಳು ಆ ಕೈ ನೋಡಿ ಕಲಿತಳು.

ಗೆಳೆಯರೇ, ನಮ್ಮ ಕೈಯಲ್ಲಿ ಡಿಗ್ರಿ ಇರಬಹುದು, ಮೊಬೈಲ್ ಇರಬಹುದು. ಹಿರಿಯರು ಹೇಳಿದ್ದನ್ನೆಲ್ಲ ಒಪ್ಪಬೇಕಿಲ್ಲ. ಆದರೆ ತಪ್ಪಿದ್ದರೆ ಯಾಕೆ ತಪ್ಪು ಎಂದು ಸಮಾಧಾನದಿಂದ ತೋರಿಸಿಕೊಡುವಷ್ಟು ತಾಳ್ಮೆ ಇರಲಿ. ಈ ವಾರ ಮನೆಗೆ ಹೋದಾಗ 20 ನಿಮಿಷದ ವಿಷಯವನ್ನು ನಿಮ್ಮ ಅಜ್ಜಿಗೂ ಹೇಳಿ.