ಕಳಸದ ಗುರು, ಶಿಶುನಾಳದ ಶಿಷ್ಯ

ಕನ್ನಡಿಗರು ನಾಲ್ಕು ಜನ ಸೇರಿದಲ್ಲಿ, ಅದು ನಿಲಾಯ್ ಆಗಿರಲಿ, ಸೆರೆಂಬಾನ್ ಆಗಿರಲಿ, ಕಾರ್ಯಕ್ರಮದ ಕೊನೆಗೆ ಯಾರಾದರೊಬ್ಬರು ಶಿಶುನಾಳ ಶರೀಫರ ಹಾಡು ಹೇಳದೆ ಬಿಡುವುದಿಲ್ಲ. ಮಕ್ಕಳೂ ಅರ್ಥ ತಿಳಿಯದೆಯೇ ತಾಳ ಹಾಕುತ್ತಾರೆ. ಹಾಡು ನಮಗೆಲ್ಲ ಬಾಯಿಪಾಠ. ಆದರೆ ಆ ಹಾಡು ಕಟ್ಟಿದವರ ಬಾಳಿನಲ್ಲಿ ಎಷ್ಟು ಕಷ್ಟವಿತ್ತು, ಆ ಕಷ್ಟದಲ್ಲಿ ಅವರ ಕೈ ಹಿಡಿದವರು ಯಾರು ಎಂಬುದು ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಅಷ್ಟಾಗಿ ತಿಳಿದಿರಲಾರದು. ಈ ಸಂಚಿಕೆಯ ನೆಪದಲ್ಲಿ ಅದನ್ನು ಹೇಳಬೇಕೆನಿಸಿತು.

ಶರೀಫ ಸಾಹೇಬರು ಹುಟ್ಟಿದ್ದು 1819ರಲ್ಲಿ, ಶಿಶುವಿನಹಾಳ ಎಂಬ ಹಳ್ಳಿಯಲ್ಲಿ. ಶಿಗ್ಗಾವಿ ತಾಲೂಕಿನ ಈ ಊರು ಆಗ ಧಾರವಾಡದ ಸೀಮೆಗೆ ಸೇರಿತ್ತು; 1997ರಲ್ಲಿ ಜಿಲ್ಲೆಗಳ ವಿಂಗಡಣೆಯಾದ ಮೇಲೆ ಹಾವೇರಿ ಜಿಲ್ಲೆಗೆ ಸೇರಿತು. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಬಹುಕಾಲ ಮಕ್ಕಳಿಲ್ಲದೆ ಕೊರಗಿದ ಈ ದಂಪತಿಗಳಿಗೆ ಹುಲಗೂರಿನ ಖಾದರಿ ಸಂತರ ಕೃಪೆಯಿಂದ ಮಗ ಹುಟ್ಟಿದನೆಂದು ಆ ಕಡೆಯ ಜನ ಇಂದಿಗೂ ನಂಬುತ್ತಾರೆ. ಮನೆ ಮುಸಲ್ಮಾನರದು, ಆದರೆ ಊರಿನ ಬಸವಣ್ಣನ ಗುಡಿ, ಶರಣರ ವಚನ, ರಾಮಾಯಣ ಮಹಾಭಾರತದ ಕಥೆ, ರಾತ್ರಿಯ ಬಯಲಾಟ ಇವೆಲ್ಲ ಹುಡುಗನ ಪಾಲಿಗೆ ಹೊರಗಿನವಾಗಿರಲಿಲ್ಲ. ಮುಂದೆ ತಮ್ಮ ಪದಗಳಿಗೆ ಅಂಕಿತವಾಗಿ ಅವರು ಆರಿಸಿಕೊಂಡದ್ದು ಇದೇ ಊರ ದೈವವನ್ನು.

ಪೇಶ್ವೆಯರ ಆಳ್ವಿಕೆ ಮುಗಿದು ಕಂಪನಿ ಸರಕಾರ ಕಾಲಿಟ್ಟಿದ್ದ ದಿನಗಳವು. ಶರೀಫರು ಮುಲ್ಕಿ ಪರೀಕ್ಷೆ ಮುಗಿಸಿ ಕೆಲಕಾಲ ಶಾಲಾ ಮಾಸ್ತರರಾಗಿದ್ದರು. ಆ ಕಾಲಕ್ಕೆ ಅದೇನು ಸಣ್ಣ ಮಾತಲ್ಲ. ತಿಂಗಳಾದರೆ ಸಂಬಳ, ಊರಲ್ಲಿ ಮರ್ಯಾದೆ. ಆದರೆ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಕೆಲಸ ಬಿಟ್ಟರು. ಕೈಗೆ ತಂಬೂರಿ ಬಂತು.

ಅವರನ್ನು ಸೆಳೆದದ್ದು ಸಮೀಪದ ಕಳಸ ಗ್ರಾಮದ ಗೋವಿಂದ ಭಟ್ಟರು. ಕುಂದಗೋಳದ ಬಳಿಯ ಈ ಭಟ್ಟರು ಹುಟ್ಟಿನಿಂದ ಬ್ರಾಹ್ಮಣರು, ಆದರೆ ಮಡಿಮೈಲಿಗೆಯ ಗೆರೆಯೊಳಗೆ ಕೂತವರಲ್ಲ. ಯಾರ ಮನೆಯಲ್ಲಾದರೂ ಉಣ್ಣುವರು, ಯಾರ ಜಗುಲಿಯ ಮೇಲಾದರೂ ಮಲಗುವರು. ಜನ ಅವರನ್ನು ಹುಚ್ಚರೆಂದದ್ದೂ ಉಂಟು, ಮಹಾತ್ಮರೆಂದದ್ದೂ ಉಂಟು. ಇವರಿಬ್ಬರ ಮೊದಲ ಭೇಟಿಯ ಕಥೆಯನ್ನು ಧಾರವಾಡದ ಕಡೆ ಎಲ್ಲರೂ ಹೇಳುತ್ತಾರೆ. ಶಿಷ್ಯನಾಗಲು ಬಂದ ತರುಣನನ್ನು ಭಟ್ಟರು, ನಿನ್ನ ಅಪ್ಪ ಯಾರೆಂದು ಕೇಳಿದರಂತೆ. ನಿಮ್ಮ ಅಪ್ಪ ಯಾರೋ ನನ್ನ ಅಪ್ಪನೂ ಅವನೇ ಎಂದು ಶರೀಫರು ಉತ್ತರಿಸಿದರಂತೆ. ಸುತ್ತ ನಿಂತವರು ಇದೆಂಥ ಉದ್ಧಟತನವೆಂದು ಗಾಬರಿಯಾದರೆ, ಭಟ್ಟರು ಮಾತ್ರ ಹಿಗ್ಗಿ ಹೋದರು. ಎಲ್ಲರಿಗೂ ತಂದೆ ಒಬ್ಬನೇ ಎಂಬ ಪಾಠ ಹುಡುಗನಿಗೆ ಆಗಲೇ ಬಂದಿದೆ, ಇನ್ನು ಕಲಿಸುವುದು ಸುಲಭ ಎಂದುಕೊಂಡರೇನೋ!

ಅಲ್ಲಿಂದ ಮುಂದೆ ಇಬ್ಬರೂ ಜೊತೆಯಾದರು. ಹೆಸರಿಗೆ ಗುರು ಶಿಷ್ಯರು. ನಡೆದುಕೊಂಡ ರೀತಿ ನೋಡಿದರೆ ಸ್ನೇಹಿತರು. ಒಟ್ಟಿಗೆ ಊಟ, ಒಟ್ಟಿಗೆ ತಿರುಗಾಟ, ಒಟ್ಟಿಗೆ ಭಜನೆ. ಇಂದು ಇದನ್ನು ಓದುವಾಗ ನಮಗೆ ವಿಶೇಷವೆನಿಸದಿರಬಹುದು. ಕಚೇರಿಯ ಕ್ಯಾಂಟೀನಿನಲ್ಲಿ ಮಲಯ, ಚೀನಿ, ತಮಿಳು ಮಿತ್ರರ ಜೊತೆ ಒಂದೇ ಮೇಜಿನಲ್ಲಿ ಕೂತು ಉಣ್ಣುವವರು ನಾವು. ಆದರೆ ನೂರೈವತ್ತು ವರ್ಷಗಳ ಹಿಂದಿನ ಹಳ್ಳಿಯಲ್ಲಿ ಬ್ರಾಹ್ಮಣನೊಬ್ಬ ಮುಸಲ್ಮಾನನ ಜೊತೆ ಪಂಕ್ತಿಯಲ್ಲಿ ಕೂತನೆಂದರೆ, ಅವನ ಮನೆಗೆ ಪುರೋಹಿತ ಬರುವುದು ನಿಲ್ಲುತ್ತಿತ್ತು, ಹೆಣ್ಣು ಕೊಡುವುದು ತರುವುದು ನಿಲ್ಲುತ್ತಿತ್ತು. ಇತ್ತ ಶರೀಫರ ಮೇಲೂ ಅವರ ಜನರ ಸಿಟ್ಟು ಕಡಿಮೆಯಿರಲಿಲ್ಲ. ಇಬ್ಬರಿಗೂ ಎರಡು ಕಡೆಯಿಂದಲೂ ಬೈಗುಳ. ಒಬ್ಬರಿಗಾಗಿ ಇನ್ನೊಬ್ಬರು ತೆತ್ತ ಬೆಲೆ ಅದು.

ಅಗ್ರಹಾರದವರ ಟೀಕೆ ಮಿತಿಮೀರಿದಾಗ ಗೋವಿಂದ ಭಟ್ಟರು ಶರೀಫರಿಗೆ ತಾವೇ ಜನಿವಾರ ಹಾಕಿದರೆಂದು ಪ್ರತೀತಿ. ಗುರು ತೊಡಿಸಿದ ಆ ಜನಿವಾರದ ಬಗ್ಗೆ ಶರೀಫರು ಪದವನ್ನೇ ಕಟ್ಟಿದ್ದಾರೆ. ಇಲ್ಲೊಂದು ಮಾತು ಗಮನಿಸಬೇಕು. ಭಟ್ಟರು ಅವರನ್ನು ಬ್ರಾಹ್ಮಣರನ್ನಾಗಿ ಮಾಡಲಿಲ್ಲ. ಶರೀಫರೂ ತಮ್ಮ ಮತವನ್ನು ಬಿಡಲಿಲ್ಲ. ಮೊಹರಮ್ಮಿನ ಅಲಾವಿಯ ಸುತ್ತ ಹೆಜ್ಜೆ ಹಾಕುತ್ತ ಹಾಡುವ ರಿವಾಯತ ಪದಗಳನ್ನು, ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಬರೆದವರೂ ಇದೇ ಶರೀಫರು. ಗೆಳೆಯನ ದೇವರನ್ನು ಕಂಡುಕೊಳ್ಳಲು ತನ್ನ ದೇವರನ್ನು ಕಳೆದುಕೊಳ್ಳಬೇಕಾಗಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಇನ್ನು ಮನೆಯ ಕಡೆ. ಶರೀಫರಿಗೆ ಕುಂದಗೋಳದ ಫಾತಿಮಾ ಎಂಬುವರೊಡನೆ ಮದುವೆಯಾಗಿತ್ತು. ಒಂದು ಹೆಣ್ಣುಮಗು ಹುಟ್ಟಿತು, ಉಳಿಯಲಿಲ್ಲ. ಹೆಂಡತಿಯೂ ಬೇಗನೆ ತೀರಿಕೊಂಡರು. ಅವರು ಮತ್ತೆ ಸಂಸಾರ ಹೂಡಲಿಲ್ಲ. ನೌಕರಿಯಿಲ್ಲ, ಮಡದಿ ಮಕ್ಕಳಿಲ್ಲ, ಮನೆಯಲ್ಲಿ ಕಾಳಿಲ್ಲ. ಇಂಥ ಹೊತ್ತಿನಲ್ಲಿ ಮನುಷ್ಯ ಒಂದೋ ದೇವರ ಮೇಲೆ ಮುನಿಯುತ್ತಾನೆ, ಇಲ್ಲವೇ ಜನರಿಂದ ದೂರವಾಗುತ್ತಾನೆ. ಶರೀಫರು ಎರಡನ್ನೂ ಮಾಡದಿರಲು ಕಳಸದ ದಾರಿ ಕಾರಣವೆಂದು ನನಗೆ ತೋರುತ್ತದೆ. ಅವರ ಪದಗಳಲ್ಲಿ ಹೆಜ್ಜೆ ಹೆಜ್ಜೆಗೂ ಗುರು ಗೋವಿಂದನ ನೆನಪು ಬರುವುದು ಬರಿಯ ಸಂಪ್ರದಾಯಕ್ಕಾಗಿ ಅಲ್ಲ. ಭಟ್ಟರು ಅವರಿಗೆ ಹಣ ಕೊಡಲಿಲ್ಲ, ಕೊಡಲು ಅವರ ಬಳಿಯೂ ಇರಲಿಲ್ಲ. ಕೊಟ್ಟದ್ದು ಜೊತೆ.

ಆ ಜೊತೆಯ ಫಲ ಹಾಡುಗಳಲ್ಲಿದೆ. ಸೋರುವ ಮಾಳಿಗೆಯ ಹಾಡನ್ನೇ ನೋಡಿ. ಮಳೆಗಾಲದಲ್ಲಿ ಮಣ್ಣಿನ ಮೇಲ್ಮುದ್ದೆ ಕೊಚ್ಚಿಹೋಗಿ ಸೋರುವ ಮನೆ ಉತ್ತರ ಕರ್ನಾಟಕದ ಬಡವನ ನಿತ್ಯದ ಗೋಳು. ಆ ಗೋಳನ್ನೇ ಅವರು ದೇಹದ, ಅಜ್ಞಾನದ ಮಾತಾಗಿ ತಿರುಗಿಸಿದರು. ಕುಟ್ಟುವ ಒನಕೆ, ಬೀಸುವ ಕಲ್ಲು, ಸೇದುವ ಗುಡುಗುಡಿ, ಬಿದ್ದ ಮುದುಕಿ, ಕಡೆಗೆ ಹುಬ್ಬಳ್ಳಿಗೆ ಹೊಸದಾಗಿ ಬಂದ ಗಿರಣಿ, ಯಾವುದೂ ಅವರಿಗೆ ತತ್ವಪದದ ವಸ್ತುವಾಗದೆ ಉಳಿಯಲಿಲ್ಲ. 1876ರಿಂದ 1878ರವರೆಗಿನ ಭೀಕರ ಬರ ಧಾರವಾಡ ಸೀಮೆಯನ್ನು ಹಿಂಡಿದಾಗ ಅವರಿಗೆ ವಯಸ್ಸು ಅರವತ್ತರ ಹತ್ತಿರ. ಹಸಿವೆಂದರೇನೆಂದು ಬಲ್ಲವರ ನಗು ಅವರ ಹಾಡಿನಲ್ಲಿರುವುದು. ಅದಕ್ಕೇ ಅದು ಹಗುರವಾಗಿ ಕಂಡರೂ ಹಗುರವಲ್ಲ.

ನಿಲಾಯ್‌ಯಂಥ ಊರಿನಲ್ಲಿರುವ ನಮಗೂ ಇಂಥ ಜೊತೆಯ ಬೆಲೆ ಗೊತ್ತು. 1997ರಲ್ಲಿ ರಿಂಗಿಟ್ ಕುಸಿದಾಗ, 2020ರ ಮಾರ್ಚಿನಲ್ಲಿ ಸಂಚಾರ ನಿರ್ಬಂಧ ಬಂದು ಊರಿಗೆ ಹೋಗುವ ವಿಮಾನಗಳೇ ನಿಂತಾಗ, ಅಪ್ಪ ಅಮ್ಮಂದಿರ ಕೊನೆಯ ಮುಖ ನೋಡಲಾಗದೆ ಎಷ್ಟೋ ಜನ ಇಲ್ಲೇ ಕಣ್ಣೀರಿಟ್ಟರು. ಆಗ ಬಾಗಿಲಿಗೆ ಬಂದು ಅಡುಗೆಯ ಡಬ್ಬಿ ಇಟ್ಟು ಹೋದವರಲ್ಲಿ ನಮ್ಮ ಮತದವರು ಎಷ್ಟು, ಬೇರೆಯವರು ಎಷ್ಟು ಎಂದು ಯಾರೂ ಲೆಕ್ಕ ಹಾಕಲಿಲ್ಲ.

ಶರೀಫರು ತೀರಿಕೊಂಡದ್ದು 1889ರಲ್ಲಿ, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ. ಹುಟ್ಟಿದ ದಿನವೇ ದೇಹ ಬಿಟ್ಟರೆಂದು ಭಕ್ತರ ಮಾತು. ಅಂತ್ಯಸಂಸ್ಕಾರ ಯಾವ ರೀತಿ ಆಗಬೇಕೆಂಬ ಪ್ರಶ್ನೆ ಬಂದಾಗ ಊರವರು ಜಗಳ ಮಾಡಲಿಲ್ಲ. ಒಂದು ಕಡೆ ಕುರಾನಿನ ಓದು, ಇನ್ನೊಂದು ಕಡೆ ಮಂತ್ರ, ಎರಡೂ ನಡೆದವು. ಬದುಕಿದ್ದಾಗ ಎರಡೂ ಕಡೆಯವರಿಂದ ಬೈಸಿಕೊಂಡವರನ್ನು ಸತ್ತ ಮೇಲೆ ಎರಡೂ ಕಡೆಯವರು ತಮ್ಮವರೆಂದರು.

ಅವರು ತಮ್ಮ ಪದಗಳನ್ನು ಅಚ್ಚು ಹಾಕಿಸಲಿಲ್ಲ. ಅವು ಉಳಿದದ್ದು ಭಜನೆಯವರ ಬಾಯಲ್ಲಿ. ಬಹುಕಾಲದ ಮೇಲೆ ಸಂಗ್ರಹಗಳು ಬಂದವು, ಸಿ. ಅಶ್ವತ್ಥ್ ಅವರ ಕಂಠದಿಂದ ಕ್ಯಾಸೆಟ್ಟುಗಳಲ್ಲಿ ಮನೆಮನೆಗೆ ತಲುಪಿದವು. 1990ರಲ್ಲಿ ತೆರೆಗೆ ಬಂದ, ಟಿ. ಎಸ್. ನಾಗಾಭರಣ ನಿರ್ದೇಶನದ ಸಂತ ಶಿಶುನಾಳ ಶರೀಫ ಚಿತ್ರದಲ್ಲಿ ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾಗಿ ಅಭಿನಯಿಸಿದರು. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ಸಂದಿತು. ಮಕ್ಕಳಿಗೆ ತೋರಿಸಲು ಯೋಗ್ಯವಾದ ಚಿತ್ರ.

ರಜೆಗೆ ಊರಿಗೆ ಹೋದಾಗ ಹುಬ್ಬಳ್ಳಿಯಿಂದ ಶಿಶುನಾಳಕ್ಕೆ ಒಮ್ಮೆ ಹೋಗಿ ಬನ್ನಿ. ಗದ್ದುಗೆಯ ಬಳಿ ಒಬ್ಬರು ಕಾಯಿ ಒಡೆಯುತ್ತಿರುತ್ತಾರೆ, ಇನ್ನೊಬ್ಬರು ಸಕ್ಕರೆ ಓದಿಸುತ್ತಿರುತ್ತಾರೆ. ಮಕ್ಕಳನ್ನು ಕರೆದೊಯ್ದಿದ್ದರೆ ಹಾಗೆಯೇ ಕಳಸಕ್ಕೂ ಹೋಗಿ, ಗೋವಿಂದ ಭಟ್ಟರ ಊರನ್ನೂ ತೋರಿಸಿ.