ಮಹರ್ಷಿ ಕರ್ವೆಯವರ ನಡೆ

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಕರ್ವೆ ರಸ್ತೆಯನ್ನು ಎಷ್ಟು ಸಲ ತುಳಿದಿದ್ದೇವೆಯೋ ಲೆಕ್ಕವಿಲ್ಲ. ಕರ್ವೆನಗರಕ್ಕೆ ಹೋಗುವ ಬಸ್ಸಿಗಾಗಿ ಕಾದು ನಿಂತಿದ್ದೇವೆ. ಹೆಸರು ನಾಲಿಗೆಗೆ ರೂಢಿಯಾದಂತೆಲ್ಲ ಅದರ ಹಿಂದಿನ ಮನುಷ್ಯನು ಮರೆಯಾಗುವುದು ಲೋಕದ ರೀತಿ. ಕರ್ವೆನಗರವು ಹಿಂದೆ ಹಿಂಗಣೆ ಎಂಬ ಪುಟ್ಟ ಹಳ್ಳಿಯಾಗಿತ್ತು. ಅಲ್ಲಿಗೆ ಗಣಿತದ ಪ್ರಾಧ್ಯಾಪಕರೊಬ್ಬರು ಕಾಲೇಜಿನ ಪಾಠ ಮುಗಿಸಿ, ಕೆಸರು ಹಾದಿಯಲ್ಲಿ ಕಾಲ್ನಡಿಗೆಯಿಂದ ಹೋಗುತ್ತಿದ್ದರು. ಆ ನಡಿಗೆಯ ಕಥೆಯನ್ನು ನಮ್ಮ ಬಾಲಕ ಬಾಲಕಿಯರಿಗೆ ಹೇಳಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಧೋಂಡೋ ಕೇಶವ ಕರ್ವೆಯವರು 1858ನೆಯ ಇಸವಿಯ ಏಪ್ರಿಲ್ 18ರಂದು ರತ್ನಾಗಿರಿ ಜಿಲ್ಲೆಯ ಶೇರವಲಿ ಎಂಬ ಹಳ್ಳಿಯಲ್ಲಿ ಜನಿಸಿದರು. ಬೆಳೆದುದು ಸಮುದ್ರದ ದಂಡೆಯ ಮುರುಡ ಗ್ರಾಮದಲ್ಲಿ. ಮನೆಯಲ್ಲಿ ಬಡತನ, ಆದರೆ ಹುಡುಗನಲ್ಲಿ ಓದಿನ ಹಂಬಲ ಅಪಾರ. ಪರೀಕ್ಷೆಯೊಂದಕ್ಕೆ ಕುಳಿತುಕೊಳ್ಳಲೆಂದು ಆತನು ಮುರುಡದಿಂದ ಸಾತಾರಕ್ಕೆ, ಸಹ್ಯಾದ್ರಿಯ ಘಟ್ಟವನ್ನು ಹತ್ತಿ, ಸುಮಾರು 110 ಮೈಲುಗಳ ಹಾದಿಯನ್ನು ನಡೆದೇ ಕ್ರಮಿಸಿದನು. ಅಲ್ಲಿಯ ಅಧಿಕಾರಿಗಳಿಗೆ ಆ ಕೃಶಕಾಯದ ಹುಡುಗನಿಗೆ 17 ವರ್ಷ ತುಂಬಿಲ್ಲವೆಂದು ತೋರಿತು. ಪರೀಕ್ಷೆಗೆ ಕುಳ್ಳಿರಿಸದೆ ಹಿಂದಕ್ಕೆ ಕಳುಹಿಸಿದರು. ಬಂದ ದಾರಿಗೆ ಸುಂಕವಿಲ್ಲವೆಂದು ಹುಡುಗನು ಮರಳಿದನು. ಆದರೆ ಓದನ್ನು ಬಿಡಲಿಲ್ಲ. ತನ್ನ 23ನೆಯ ವಯಸ್ಸಿನಲ್ಲಿ ಮೆಟ್ರಿಕ್ ಮುಗಿಸಿ, 1884ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಪದವೀಧರನಾದನು.

ಮುಂಬಯಿಯಲ್ಲಿ ಪಾಠ ಹೇಳಿ ಹೊಟ್ಟೆ ಹೊರೆಯುತ್ತಿದ್ದ ಆ ದಿನಗಳಲ್ಲಿಯೇ ಕರ್ವೆಯವರು ಒಂದು ನೇಮವನ್ನು ಹಿಡಿದರು. ಗಳಿಸಿದ ಪ್ರತಿಯೊಂದು ರೂಪಾಯಿಯಲ್ಲಿ ಒಂದು ಪೈಸೆಯನ್ನು ಪರರ ಹಿತಕ್ಕಾಗಿ ಎತ್ತಿಡುವುದೇ ಆ ನೇಮ. ಅಂದಿನ ರೂಪಾಯಿಗೆ 64 ಪೈಸೆಗಳು. ಈ ಕಿಂಚಿತ್ತಿನಿಂದ ಏನಾದೀತು ಎಂದು ನಮಗೆ ಅನಿಸಬಹುದು. ಆದರೆ ಅವರ ಮುಂದಿನ ಕಾರ್ಯವೆಲ್ಲ ಬೇರೂರಿದ್ದು ಈ ಒಂದು ಪೈಸೆಯ ಅಭ್ಯಾಸದಲ್ಲಿಯೇ.

1891ರಲ್ಲಿ ಅವರ ಪತ್ನಿ ರಾಧಾಬಾಯಿಯವರು ತೀರಿಕೊಂಡರು. ಅದೇ ವರ್ಷ ಗೋಪಾಲಕೃಷ್ಣ ಗೋಖಲೆಯವರ ಕರೆಯಂತೆ ಕರ್ವೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಬಂದು, ಲೋಕಮಾನ್ಯ ತಿಲಕರು ಬಿಟ್ಟಿದ್ದ ಗಣಿತದ ಸ್ಥಾನದಲ್ಲಿ ಪಾಠ ಹೇಳತೊಡಗಿದರು. ಮರುಮದುವೆಯ ಮಾತು ಬಂದಾಗ, ತಾವು ವಿಧವೆಯನ್ನೇ ಮದುವೆಯಾಗುವುದಾಗಿ ನಿಶ್ಚಯಿಸಿದರು. ಅಂದಿನ ಸಮಾಜದಲ್ಲಿ ಇದೆಂತಹ ಮಾತು ಎಂಬುದನ್ನು ಇಂದಿನ ಮಕ್ಕಳು ಊಹಿಸುವುದು ಕಷ್ಟ. ಎಂಟು ಒಂಬತ್ತು ವರ್ಷಕ್ಕೆ ಹೆಣ್ಣುಮಕ್ಕಳಿಗೆ ಮದುವೆ; ಗಂಡನು ಸತ್ತರೆ ಮೇಲ್ಜಾತಿಯ ಮನೆಗಳಲ್ಲಿ ಆ ಬಾಲೆಗೆ ಬಾಳೆಲ್ಲ ಕತ್ತಲೆ. ತಲೆ ಬೋಳಿಸುವರು, ಶುಭಕಾರ್ಯಕ್ಕೆ ಎದುರು ಬರಗೊಡರು. ವಿಧವಾ ವಿವಾಹಕ್ಕೆ ಸಮ್ಮತಿ ಕೊಡುವ ಕಾಯಿದೆಯು 1856ರಲ್ಲಿಯೇ ಬಂದಿತ್ತು. ಆದರೆ ಕಾಯಿದೆ ಬಂದ ಮಾತ್ರಕ್ಕೆ ಮನೆಯ ಬಾಗಿಲು ತೆರೆಯುವುದಿಲ್ಲ.

ಕರ್ವೆಯವರ ಮಿತ್ರರ ತಂಗಿ ಗೋದೂಬಾಯಿ ಇಂತಹ ಬಾಲವಿಧವೆ. ಎಂಟು ವರ್ಷಕ್ಕೆ ಮದುವೆಯಾಗಿ ಮೂರೇ ತಿಂಗಳಲ್ಲಿ ವೈಧವ್ಯಕ್ಕೆ ಗುರಿಯಾದ ಆಕೆ, ಮುಂದೆ ಪಂಡಿತಾ ರಮಾಬಾಯಿಯವರ ಶಾರದಾ ಸದನದಲ್ಲಿ ಓದುತ್ತಿದ್ದರು. 1893ರ ಮಾರ್ಚ್ 11ರಂದು ಕರ್ವೆಯವರು ಅವರ ಕೈಹಿಡಿದರು. ಗೋದೂಬಾಯಿ ಆನಂದಿಬಾಯಿಯಾದರು. ಹುಟ್ಟೂರಿನ ಜನರು ಬಹಿಷ್ಕಾರ ಹಾಕಿದರು. ಹೆತ್ತ ತಾಯಿಯ ಮನೆಯಲ್ಲಿ ತಂಗುವುದೂ ಮಗನಿಗೆ ದುರ್ಲಭವಾಯಿತು. ಅವರು ಊರವರೊಡನೆ ಜಗಳ ಕಾಯಲಿಲ್ಲ. ಹಿಡಿದ ದಾರಿಯನ್ನು ಬಿಡಲೂ ಇಲ್ಲ.

ಒಬ್ಬ ವಿಧವೆಗೆ ಮನೆ ದೊರೆಯಿತು. ಉಳಿದ ಸಾವಿರಾರು ಜನರ ಗತಿಯೇನು? ಮದುವೆಗಿಂತ ಮೊದಲು ಅವರಿಗೆ ಬೇಕಾದುದು ವಿದ್ಯೆ, ತಮ್ಮ ಕಾಲ ಮೇಲೆ ನಿಲ್ಲುವ ಶಕ್ತಿ ಎಂದು ಕರ್ವೆಯವರು ಬಗೆದರು. 1896ರಲ್ಲಿ ಪುಣೆಯಲ್ಲಿ ಅನಾಥ ಬಾಲಿಕಾಶ್ರಮವನ್ನು ಸ್ಥಾಪಿಸಿದರು. 1900ರಲ್ಲಿ ಅದು ಹಿಂಗಣೆಯ ಒಂದು ಗುಡಿಸಲಿಗೆ ಬಂದಿತು. ಹಗಲೆಲ್ಲ ಕಾಲೇಜಿನಲ್ಲಿ ಪಾಠ. ಆಮೇಲೆ ಹಿಂಗಣೆಗೆ ನಡಿಗೆ. ಅಲ್ಲಿ ಮತ್ತೆ ಆ ಹೆಣ್ಣುಮಕ್ಕಳಿಗೆ ಪಾಠ. ಬಿಡುವಿದ್ದಾಗ ಮನೆಮನೆಗೆ ಹೋಗಿ ಚಂದಾ ಎತ್ತುವುದು. ಬೈದವರಿಗೂ ಕೈಮುಗಿದು ಮುಂದಿನ ಮನೆಗೆ ಹೋಗುವುದು. ಆನಂದಿಬಾಯಿಯವರ ತಂಗಿ ಪಾರ್ವತೀಬಾಯಿ ಆಠವಲೆಯವರು ಸ್ವತಃ ವಿಧವೆ. ದೊಡ್ಡವರಾದ ಮೇಲೆ ಅಕ್ಷರ ಕಲಿತು ಆಶ್ರಮದ ಆಧಾರವಾದರು. ನಿಧಿ ಕೂಡಿಸಲು ಅವರು ಅಮೇರಿಕೆಯವರೆಗೂ ಹೋಗಿ ಬಂದರು.

ಇಲ್ಲಿ ನಾವು ಒಂದು ಮಾತನ್ನು ಮುಚ್ಚಿಡಲಾರೆವು. ಮಹಾಪುರುಷರ ಚರಿತ್ರೆಯಲ್ಲಿ ಬೆಳಕನ್ನಷ್ಟೇ ತೋರಿಸಿದರೆ ಮಕ್ಕಳಿಗೆ ಪೂಜೆ ಕಲಿಸಿದಂತಾಗುವುದು, ವಿಚಾರ ಕಲಿಸಿದಂತಾಗದು. ಆಶ್ರಮವು ಸಂಪ್ರದಾಯಸ್ಥರ ಹಣದಿಂದಲೂ ನಡೆಯಬೇಕಾಗಿತ್ತು. ಅವರು ಮುನಿಯದಿರಲೆಂದು ಕರ್ವೆಯವರು ತಾವೇ ಹುಟ್ಟುಹಾಕಿದ್ದ ವಿಧವಾ ವಿವಾಹದ ಮಂಡಳಿಯಿಂದ ದೂರ ಸರಿದರು. ಮರುಮದುವೆಯಾದವರೆಂಬ ಕಾರಣದಿಂದ ಆನಂದಿಬಾಯಿಯವರಿಗೇ ಆಶ್ರಮದ ಕೆಲಸದಲ್ಲಿ ಸ್ಥಾನವಿರಲಿಲ್ಲ. ವಿಮೆಯ 5000 ರೂಪಾಯಿಗಳನ್ನೂ ಪತಿಯು ಆಶ್ರಮಕ್ಕೆ ಅರ್ಪಿಸಿದಾಗ, ಬರಿಗೈಯಲ್ಲಿ ಸಂಸಾರದ ಭಾರ ಹೊತ್ತವರು ಆಕೆ. ಕನ್ನಡನಾಡಿನ ಜಮಖಂಡಿಯಲ್ಲಿ ಹುಟ್ಟಿ, ಮುಂದೆ ಅಸ್ಪೃಶ್ಯತಾ ನಿವಾರಣೆಗಾಗಿ ದುಡಿದ ವಿಠ್ಠಲ ರಾಮಜಿ ಶಿಂದೆಯವರು ತಮ್ಮ ತಂಗಿಗೆ ಆಶ್ರಮದಲ್ಲಿ ಆಸರೆ ಕೇಳಿದಾಗ, ಬ್ರಾಹ್ಮಣೇತರಳೆಂಬ ಕಾರಣದಿಂದ ಅದು ದೊರೆಯಲಿಲ್ಲ. ಒಂದು ಬಾಗಿಲನ್ನು ತೆರೆಯುವ ಭರದಲ್ಲಿ ಇನ್ನೊಂದನ್ನು ಮುಚ್ಚುವುದುಂಟು. ಸಮಾಜವನ್ನು ತಿದ್ದುವವನು ತನ್ನನ್ನೂ ತಿದ್ದಿಕೊಳ್ಳಬೇಕಾಗುತ್ತದೆ.

ಕರ್ವೆಯವರ ದೊಡ್ಡತನವು ಅವರ ನಡೆ ನಿಲ್ಲದೆ ಮುಂದುವರಿದುದರಲ್ಲಿದೆ. ಜಪಾನಿನ ಮಹಿಳಾ ವಿಶ್ವವಿದ್ಯಾಲಯದ ವೃತ್ತಾಂತವನ್ನು ಓದಿ ಸ್ಫೂರ್ತಿಗೊಂಡು, 1916ರಲ್ಲಿ ಕೇವಲ ಐವರು ವಿದ್ಯಾರ್ಥಿನಿಯರೊಂದಿಗೆ ಭಾರತದ ಮೊದಲ ಮಹಿಳಾ ವಿಶ್ವವಿದ್ಯಾಲಯವನ್ನು ಆರಂಭಿಸಿದರು. ಪರನಗರದಲ್ಲಿದ್ದು ಕನ್ನಡದಲ್ಲಿ ಕಲಿಯುವ ನಾವು ಒಂದು ಸಂಗತಿಯನ್ನು ವಿಶೇಷವಾಗಿ ನೆನೆಯಬೇಕು: ಅಲ್ಲಿ ಉಚ್ಚ ಶಿಕ್ಷಣವನ್ನು ದೇಶಭಾಷೆಯ ಮೂಲಕವೇ ಕೊಡಬೇಕೆಂದು ಅವರು ನಿರ್ಧರಿಸಿದ್ದರು. 1920ರಲ್ಲಿ ಸರ್ ವಿಠ್ಠಲದಾಸ ಠಾಕರಸೀಯವರು 15 ಲಕ್ಷ ರೂಪಾಯಿಗಳನ್ನು ಕೊಟ್ಟರು. ಅವರ ತಾಯಿ ನಾಥೀಬಾಯಿಯವರ ಹೆಸರು ವಿಶ್ವವಿದ್ಯಾಲಯಕ್ಕೆ ಬಂದಿತು. ಇಂದು ಮುಂಬಯಿಯಲ್ಲಿಯೂ ಪುಣೆಯಲ್ಲಿಯೂ ಅದು ನಡೆಯುತ್ತಿದೆ.

1936ರಲ್ಲಿ, 78ರ ಮುಪ್ಪಿನಲ್ಲಿ, ಶಾಲೆಯಿಲ್ಲದ ಹಳ್ಳಿಗಳಿಗೆ ಶಾಲೆ ಒದಗಿಸಲೆಂದು ಗ್ರಾಮ ಪ್ರಾಥಮಿಕ ಶಿಕ್ಷಣ ಮಂಡಳಿಯನ್ನು ಕಟ್ಟಿ, ತಮ್ಮ ಅಲ್ಪ ನಿವೃತ್ತಿವೇತನದಲ್ಲಿಯೇ ಪಾಲು ತೆಗೆದು ಅದಕ್ಕೆ ಕೊಟ್ಟರು. ಮತ್ತೆ ಪುಣೆಯ ಬೀದಿಗಳಲ್ಲಿ ಚಂದಾ ಬೇಡುತ್ತ ನಡೆದರು. 1944ರಲ್ಲಿ ಜಾತಿಭೇದವನ್ನು ಅಳಿಸಲೆಂದು ಸಮತಾ ಸಂಘವನ್ನು ಸ್ಥಾಪಿಸಿದರು. ಯೌವನದಲ್ಲಿ ದಾಟಲಾಗದ ಹೊಸ್ತಿಲನ್ನು 86ರ ವಯಸ್ಸಿನಲ್ಲಿ ದಾಟಹೊರಟ ಆ ಮುದುಕರ ಹೆಜ್ಜೆಯನ್ನು ಕಂಡು ನಮ್ಮ ಮನಸ್ಸು ತುಂಬಿಬರುತ್ತದೆ. 1958ರಲ್ಲಿ, ನೂರು ತುಂಬಿದಾಗ, ದೇಶವು ಅವರಿಗೆ ಭಾರತರತ್ನವನ್ನು ಅರ್ಪಿಸಿತು. 1962ರ ನವೆಂಬರ್ 9ರಂದು, 104 ವರ್ಷಗಳ ತುಂಬುಬಾಳನ್ನು ಮುಗಿಸಿ, ಅವರು ಕಣ್ಮರೆಯಾದರು.

ವಿದ್ಯಾರ್ಥಿಗಳೇ, ಸಮಾಜಸುಧಾರಣೆ ಎಂದೊಡನೆ ಸಭೆ, ಭಾಷಣ, ಹಾರತುರಾಯಿಗಳು ನಮ್ಮ ಕಣ್ಣಮುಂದೆ ಬರುತ್ತವೆ. ಕರ್ವೆಯವರು ಸೊಗಸಾದ ಮಾತುಗಾರರಾಗಿರಲಿಲ್ಲ. ಅವರಲ್ಲಿದ್ದುದು ಒಂದು ಪೈಸೆಯ ನೇಮ, ಬಳಲದ ಕಾಲುಗಳು, ತಪ್ಪನ್ನು ತಿದ್ದಿಕೊಂಡು ಮುಂದೆ ಹೋಗುವ ಮನಸ್ಸು. ನಮ್ಮ ಓಣಿಯಲ್ಲಿ ಕೂಲಿಗಾಗಿ ಬಂದ ಕುಟುಂಬದ ಮಗುವೊಂದು ಶಾಲೆಯ ಮುಖ ಕಾಣದೆ ಇರಬಹುದು. ಮನೆಗೆಲಸಕ್ಕೆ ಬರುವ ತಾಯಿಗೆ ಸಹಿ ಹಾಕಲು ಬಾರದಿರಬಹುದು. ದಿನಕ್ಕೆ ಅರ್ಧ ತಾಸು ಅವರಿಗಾಗಿ ಎತ್ತಿಡುವುದು ನಮ್ಮ ಒಂದು ಪೈಸೆ. ಅದನ್ನು ಇಂದಿನಿಂದಲೇ ಎತ್ತಿಡೋಣ. ಕರ್ವೆ ರಸ್ತೆಯಲ್ಲಿ ನಡೆಯುವ ನಮಗೆ ಆಗ ಆ ಹೆಸರನ್ನು ಹೇಳುವ ಅಧಿಕಾರವೂ ಬಂದೀತು.